ಫಕೀರನ ಎದೆನೋವು

"ಸತ್ತಿಲ್ಲರೀ, ಯಾರೂ ಸತ್ತಿಲ್ಲ!"

ಚನ್ನವೀರ ಯೂರಿಯಾ ಚೀಲಗಳ ಮೇಲೆ ನಿಂತುಕೊಂಡು ಫೋನಿನಲ್ಲಿ ಒದರಿದ. ಸಿಂಧನೂರಿನ ಅವನ ಗೊಬ್ಬರದಂಗಡಿಯೊಳಗೆ ನೆಟ್‌ವರ್ಕ್ ನೆಟ್ಟಗೆ ಸಿಗುವ ಜಾಗ ಅದೊಂದೇ. ಸ್ಪೀಕರ್ ಹಾಕದೆ ಫೋನಿನಲ್ಲಿ ಮಾತಾಡಿ ಅವನಿಗೆ ರೂಢಿಯೇ ಇಲ್ಲ. ಹೀಗಾಗಿ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗೆ ಬಂದಿದ್ದ ತುರ್ವಿಹಾಳದ ರೈತನೊಬ್ಬ ಸಾವಿನ ಸುದ್ದಿ ಕೇಳಿ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಹಾಗಿದ್ರೆ ಆಸ್ಪತ್ರೆಗೆ ಅಡ್ಮಿಟ್ ಆಗಿದ್ದಾರಾ ಸರ್?" ವಿಮೆ ಕಂಪನಿಯ ಹುಡುಗಿ ಬೆಂಗಳೂರಿನ ಮೆತ್ತನೆಯ ಕನ್ನಡದಲ್ಲಿ ಕೇಳಿದಳು.

"ಆಸ್ಪತ್ರ್ಯಾಗಿಲ್ರೀ, ಹೋಟ್ಲದಾಗ ಅದಾನ. ಮಿರ್ಚಿ ಕರಿಯಾಕತ್ತಾನ."

"ಮತ್ತೆ ಅವರು ಟ್ರಿಪ್ ಕ್ಯಾನ್ಸಲ್ ಮಾಡೋದಕ್ಕೆ ಕಾರಣ ಏನು ಸರ್?"

"ಫಕೀರ ಆಗ್ತಾನ್ರೀ."

"ಸಾರಿ ಸರ್. ವ್ಯಾಪಾರದಲ್ಲಿ ನಷ್ಟ ಆದ್ರೆ ಈ ಪಾಲಿಸಿಯಲ್ಲಿ ಬರಲ್ಲ."

"ನಷ್ಟ ಅಲ್ರೀ ತಂಗೀ! ಪೀರಲ ಹಬ್ಬಕ್ಕ. ಮೊಹರಂಗ. ಹರಕಿ ಐತಿ ಅವಂದು. ಕೊಳ್ಳಾಗ ಲಾಡಿ ದಾರ ಹಾಕ್ಕೊಂಡು ಬರಿಗಾಲಾಗ ಐದು ಮನಿ ಬೇಡತಾನ."

"ಧಾರ್ಮಿಕ ಕಾರಣಗಳು ಕವರ್ ಆಗಲ್ಲ ಸರ್. ಮರಣ, ಅಪಘಾತ, ಆಸ್ಪತ್ರೆ ಇಷ್ಟೇ. ನಿಮಗೆ ಇನ್ನೇನಾದ್ರೂ ಸಹಾಯ ಬೇಕಿತ್ತಾ ಸರ್?"

ಮಾಡಿದ ಸಹಾಯವೇ ಹೊಟ್ಟೆ ತುಂಬಿತ್ತು. ಚನ್ನವೀರ ಫೋನಿಟ್ಟು ಚೀಲದಿಂದ ಇಳಿದ. ತುರ್ವಿಹಾಳದವನು ಟವೆಲನ್ನು ಮತ್ತೆ ತಲೆಗೆ ಸುತ್ತುತ್ತ, "ಯಾರೂ ಸಾಯದಿದ್ದದ್ದು ಚಲೋ ಆತು ಬಿಡ್ರಿ ಸಾವಕಾರ" ಎಂದ. ಅವನಿಗೂ ಎರಡು ಬೈಗುಳ ಬಿದ್ದವು: ಡಬ್ಬಿ ತಗೊಂಡು ಸುಮ್ಮನೆ ಮನೆ ಕಡೆ ನಡೆ, ಊರ ಉಸಾಬರಿ ನಿನಗ್ಯಾಕೆ ಅಂತ.

ಹಡಗಿನ ಪ್ರವಾಸದ ಹುಚ್ಚು ಹಿಡಿಸಿದವನು ಚನ್ನವೀರನೇ. ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಬೆಳೆದ ಮೂವರು ಗೆಳೆಯರು ಇವರು. ಚನ್ನವೀರನದು ಗೊಬ್ಬರ, ಲಿಂಗಸುಗೂರಿನಲ್ಲೇ ಉಳಿದ ಸಂಗನಬಸವನದು ಬಟ್ಟೆ ಅಂಗಡಿ, ಮಸ್ಕಿಯ ಜಂಬಣ್ಣನದು ಬಸ್‌ಸ್ಟ್ಯಾಂಡಿನ ಎದುರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಹೋಟೆಲು. ಹಾಸ್ಟೆಲಿನಲ್ಲಿದ್ದಾಗ ಪಾಠದ ಪುಸ್ತಕದ ಹಡಗು ನೋಡಿ ಜಂಬಣ್ಣ, "ಕಬ್ಬಿಣ ನೀರಾಗ ತೇಲತೈತಿ ಅಂದ್ರ ನಾ ನಂಬಂಗಿಲ್ಲ, ಕಣ್ಣಾರೆ ನೋಡಬೇಕು" ಎಂದು ಹಟ ಹಿಡಿದಿದ್ದ. ಅದನ್ನೇ ಹಿಡಿದು ಗೆಳೆಯರು ಇವತ್ತಿಗೂ ಅವನನ್ನು ಕಾಡಿಸುತ್ತಾರೆ. ಉಳಿದಿಬ್ಬರೂ ಗೋವಾ, ಕನ್ಯಾಕುಮಾರಿ ಎಲ್ಲ ಸುತ್ತಿದರು. ಜಂಬಣ್ಣ ಮಾತ್ರ ಸಮುದ್ರ ಇರಲಿ, ಕೃಷ್ಣಾ ಹೊಳೆ ದಾಟಿದ್ದೇ ಅಪರೂಪ. ಹೋಟೆಲಿನ ಬಾಗಿಲು ವರ್ಷಕ್ಕೊಮ್ಮೆ, ಪೀರಲ ಹಬ್ಬಕ್ಕೆ ಮಾತ್ರ ಮುಚ್ಚುತ್ತಿತ್ತು. ಇವನಿಗೆ ಒಮ್ಮೆ ಕಡಲು ತೋರಿಸಲೇಬೇಕು ಎಂಬುದು ಚನ್ನವೀರನ ಆಸೆ. ಹಾಗಂತ ಬಾಯಿ ಬಿಟ್ಟು ಹೇಳುವ ಜಾಯಮಾನ ಅವನದಲ್ಲ. "ಬರ್ತೀಯೋ ಇಲ್ಲೋ ಬೊಗಳು" ಎಂದಷ್ಟೇ ಕೇಳಿದ್ದ. ಜಂಬಣ್ಣನ ಮಗಳು ಅಮೂಲ್ಯಾ ಹಿಂದಿನಿಂದ ನೂಕಿದ ಮೇಲೆ ಅವನು ಹೂಂ ಅಂದ. ಪಾಸ್‌ಪೋರ್ಟ್ ಆಯಿತು. ಚೆನ್ನೈನಿಂದ ಶ್ರೀಲಂಕಾಕ್ಕೆ ಹೋಗಿ ಬರುವ ಹಡಗು, ಮೂವರಿಗೊಂದು ಕೋಣೆ, ಕಿಟಕಿಯ ಹೊರಗೆ ನೀರು.

ತಾರೀಖು ಇಟ್ಟವನೂ ಚನ್ನವೀರ. ಎಡವಟ್ಟಾದದ್ದು ಅಲ್ಲೇ.

ಸಿಂಧನೂರಿನ ಕಡೆಯವರಿಗೆ ಪಂಚಾಂಗ ಅಂದರೆ ಕಾಲುವೆ. ಕಾಲುವೆಗೆ ನೀರು ಬಿಟ್ಟರೆ ಭತ್ತದ ಸಸಿ ಮಡಿ, ಸಸಿ ಮಡಿಯಾದರೆ ಗೊಬ್ಬರ, ಗೊಬ್ಬರದ ಕಾಲದಲ್ಲಿ ಚನ್ನವೀರನಿಗೆ ಉಣ್ಣಲಿಕ್ಕೂ ಪುರುಸೊತ್ತಿಲ್ಲ. ಹಿಂದಿನ ಎರಡು ಮೂರು ವರ್ಷ ಪೀರಲ ಹಬ್ಬ ಬಂದದ್ದು ಇದೇ ಗದ್ದಲದಲ್ಲಿ. ಜಂಬಣ್ಣ ಲಾಡಿ ಹಾಕಿಕೊಂಡು ಜೋಳಿಗೆ ಹಿಡಿದು ಬಾಗಿಲಿಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ಗೊಬ್ಬರದ ಲಾರಿ ನಿಂತಿರುತ್ತಿತ್ತು. ಹಾಗಾಗಿ ಇವನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು: ನೀರು ಬಂದ ಮೇಲೆ ಪೀರಲ ಹಬ್ಬ. ನೀರು ಬರುವುದರೊಳಗೆ ಹೋಗಿ ಬಂದುಬಿಟ್ಟರೆ ಅಂಗಡಿಯೂ ತಪ್ಪುವುದಿಲ್ಲ, ಹಬ್ಬವೂ ತಪ್ಪುವುದಿಲ್ಲ ಎಂದು ಜೂನ್ ಕೊನೆಗೆ ತಾರೀಖು ಇಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಆದರೆ ಆ ಹಬ್ಬ ಬರುವುದು ಚಂದ್ರನ ಲೆಕ್ಕದಲ್ಲಿ. ವರ್ಷ ವರ್ಷ ಅದು ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ಚಂದ್ರನಿಗೆ ಕಾಲುವೆಯ ಹಂಗಿಲ್ಲ.

ಮುದಗಲ್ಲಿನಲ್ಲಿ ಪೀರಲ ದೇವರ ಸೇವೆ ಮಾಡುವ ಮುಜಾವರ ಬುಡ್ಡೇಸಾಬ್ ಈ ಸಲದ ಹಬ್ಬದ ದಿನ ಹೇಳಿ ಕಳಿಸಿದ ಮೇಲೆಯೇ ಜಂಬಣ್ಣ ಫೋನ್ ಮಾಡಿದ್ದು. "ಚನ್ನಪ್ಪಾ, ನಾ ಬರಾಕಾಗಂಗಿಲ್ಲೋ. ಹಡಗು ಬಿಡೋ ದಿನ ನನ್ನ ಕೊಳ್ಳಾಗ ಲಾಡಿ ಇರತೈತಿ."

ಈಗ ಚನ್ನವೀರ ಸಿಟ್ಟು ತೀರಿಸಿಕೊಳ್ಳಲು ಹೋದದ್ದು ಟಿಕೇಟು ತೆಗೆದುಕೊಟ್ಟಿದ್ದ ಖಾದರಬಾಷಾನ ಅಂಗಡಿಗೆ.

"ನೀ ಸಾಬರಾಂವ ಆಗಿ, ಮೊಹರಂ ಯಾವಾಗ ಅಂತ ಒಂದು ಮಾತು ಹೇಳಬಾರದಾ?"

ಖಾದರಬಾಷಾ ಕಂಪ್ಯೂಟರಿನಿಂದ ತಲೆ ಎತ್ತಿದ. "ನೀವು ತಾರೀಖು ಹೇಳಿದ್ರಿ ಸಾವಕಾರ, ನಾ ಟಿಕೇಟ್ ತಗದೆ. ನಮ್ಮ ಮನ್ಯಾಗ ಲಾಡಿ ಹಾಕೋದು, ಬೆಂಕಿ ಸುತ್ತ ಅಲಾಯಿ ಕುಣಿಯೋದು ಏನೂ ಇಲ್ರೀ. ನಾವು ಎರಡು ದಿನ ರೋಜಾ ಉಪಾಸ ಹಿಡದು ಸುಮ್ಕ ಇರ್ತೀವಿ. ಪೀರಲ ಹಬ್ಬದ ಧಾಂಧೂಂ ಎಲ್ಲ ನಿಮ್ಮ ಮಂದೀದ ಅಲ್ಲೇನ್ರೀ?"

ಚನ್ನವೀರ ಕುರ್ಚಿ ಎಳೆದುಕೊಂಡು ಕೂತ. ಅವನ ಮುಖ ನೋಡಿ ಖಾದರಬಾಷಾನೇ ಟಿಕೇಟಿನ ಜೊತೆ ಮಾಡಿಸಿದ್ದ ಪಾಲಿಸಿಯ ಕಾಗದ ತೆರೆದು ಓದಿದ. ಜಂಬಣ್ಣನ ಬದಲಿಗೆ ಇನ್ನೊಬ್ಬರ ಹೆಸರು ಸೇರಿಸಲು ಬರುವುದಿಲ್ಲ. ತಾನಾಗಿ ಬಿಟ್ಟರೆ ಅವನಿಗೆ ಬಿಡಿಗಾಸೂ ಇಲ್ಲ. ಆದರೆ ಒಂದು ದಾರಿ ಇದೆ: ಮೂವರಲ್ಲಿ ಒಬ್ಬ ಆಸ್ಪತ್ರೆ ಸೇರಿದರೆ ಜೊತೆಗಾರರೂ ಪ್ರವಾಸ ಬಿಡಬಹುದು, ಆಗ ಮೂವರ ದುಡ್ಡೂ ವಾಪಸು ಬರುತ್ತದೆ.

"ಅಂದ್ರ ಒಬ್ಬಾಂವ ಮಲಗಿದ್ರ ಮೂರೂ ಮಂದೀದು ಉಳೀತು?"

"ಹೌದ್ರೀ. ಆದ್ರ ಮಲಗಬೇಕಲ್ರೀ" ಎಂದ ಖಾದರಬಾಷಾ.

ಚನ್ನವೀರ ಅಲ್ಲಿಂದಲೇ ಮಸ್ಕಿಗೆ ಗಾಡಿ ತಿರುಗಿಸಿದ. ದುಡ್ಡು ವಾಪಸು ಬಂದರೆ ಚಳಿಗಾಲದಲ್ಲಿ ಮತ್ತೆ ಹಡಗು ಹತ್ತಬಹುದು. ಬರದಿದ್ದರೆ ಜಂಬಣ್ಣ ಈ ಜನ್ಮದಲ್ಲಿ ಸಮುದ್ರ ನೋಡುವುದಿಲ್ಲ. ಒಗ್ಗರಣೆ ಮಾರಿ ಕೂಡಿಸಿದ್ದು ಒಮ್ಮೆ ಕೈಬಿಟ್ಟು ಹೋದರೆ ಎರಡನೇ ಸಲ ಅವನು ಹೂಂ ಅನ್ನುವ ಮನುಷ್ಯನೇ ಅಲ್ಲ. ಅದಕ್ಕೆಲ್ಲ ಕಾರಣ ತನ್ನ ತಾರೀಖು. ಈ ಕೊನೆಯ ಮಾತು ಮನಸ್ಸಿಗೆ ಬಂದಾಗಲೆಲ್ಲ ಚನ್ನವೀರ ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತಿದ್ದ.

ಜಂಬಣ್ಣ ಒಲೆಯ ಮುಂದೆ ನಿಂತಿದ್ದ. ದುಡ್ಡಿನ ಗಲ್ಲೆಯ ಮೇಲೆ ಅಮೂಲ್ಯಾ ಬಿ.ಎಡ್. ಪುಸ್ತಕ ಹರವಿಕೊಂಡಿದ್ದಳು. ಕೇಳದೆಯೇ ತಟ್ಟೆಯಲ್ಲಿ ಒಗ್ಗರಣೆ, ಮಿರ್ಚಿ ಬಂತು. ಚನ್ನವೀರ ಮುಟ್ಟಲಿಲ್ಲ.

"ಲೇ ಜಂಬ್ಯಾ, ಒಂದು ಕಾಗದ ಬೇಕು. ಡಾಕ್ಟರ್ ಕಾಗದ. ಅದೊಂದು ಕೊಟ್ರ ಎಲ್ಲಾರದೂ ವಾಪಸ್ ಬರತೈತಿ, ಛಳಿಗಾಲಕ್ಕ ಮತ್ತ ಹೋಗೋಣು."

"ಏನಂತ ಬರಸ್ತಿ?"

"ಎದಿನೋವು ಅಂತ. ಸಂಗನಬಸವನ ಷಡ್ಡಕ ಡಾಕ್ಟರ್ ಅದಾನಲ್ಲ, ಎರಡು ದಿನ ಇಟ್ಕೊಂಡಿದ್ದೆ ಅಂತ ಬರದು ಕೊಡ್ತಾನ."

ಜಂಬಣ್ಣನ ಕೈಯ ಮಿರ್ಚಿ ಎತ್ತುವ ಝಾರಿ ಎಣ್ಣೆಯ ಮೇಲೆ ಹಾಗೆಯೇ ನಿಂತಿತು. "ಬಿಡ್ತು ಅನ್ನು."

"ಏ, ಕಾಗದದಾಗಷ್ಟಲೇ…"

"ಮೊದಲ ಬಿಡ್ತು ಅನ್ನು ಚನ್ನಪ್ಪಾ."

"ಅನ್ನಂಗಿಲ್ಲ ಹೋಗು! ಏನಾಗತೈತಿ ಈಗ? ಊರಾಗ ಅರ್ಧ ಮಂದಿ ರಜಾಕ್ಕ ಇಂಥ ಕಾಗದ ಕೊಡ್ತಾರ. ಅವರೆಲ್ಲ ಸತ್ತು ಹೋಗ್ಯಾರೇನು?"

ಜಂಬಣ್ಣ ಕರಿದ ಮಿರ್ಚಿಯನ್ನು ಬುಟ್ಟಿಗೆ ಹಾಕಿ, ಒಲೆಯ ಉರಿ ಸಣ್ಣ ಮಾಡಿ ಬಂದು ಎದುರಿಗೆ ಕೂತ. "ಈ ಹುಡುಗಿಗೆ ಜ್ವರ ನೆತ್ತಿಗೇರಿದಾಗ ನೀನ ಇದ್ದಿ. ನಿನ್ನ ಗಾಡಿ ಮ್ಯಾಲ ಮುದಗಲ್ಲಿಗೆ ಹೋಗಿದ್ದು ನೆಪ್ಪೈತಿಲ್ಲ? ಡಾಕ್ಟರು ಕೈ ಚೆಲ್ಲಿದ್ರು. ಆ ಪೀರಲದೇವರ ಮುಂದ ಕುಂತು ನಾ ಏನು ಬೇಡಿದ್ನಿ? ಕೂಸಿನ ಬ್ಯಾನಿ ನನಗ ಹಾಕ್ರಿ, ಕೂಸು ಉಳಸ್ರಿ, ಜೀವ ಇರೋತನ ನಿಮ್ಮ ಫಕೀರ ಆಗತೀನಿ ಅಂತ. ಉಳಸಿದ್ರು. ನನಗೂ ಏನೂ ಹಾಕಲಿಲ್ಲ. ಈಗ ಅದ ದೇವರ ದಿನದಾಗ, ನನಗ ಬ್ಯಾನಿ ಬಂದೈತಿ ಅಂತ ನಾನ ಬರಸಿ ಕೊಡ್ಲೇನು? ಹಂಗಂದ್ರ ತಗೋ ಅಂತ ಕೊಟ್ಟ ಬಿಡ್ತಾರ."

ಗಲ್ಲೆಯ ಮೇಲಿನ ಅಮೂಲ್ಯಾ ಪುಸ್ತಕದಿಂದ ಕಣ್ಣು ಎತ್ತಲಿಲ್ಲ. ಹಾಳೆಯನ್ನೂ ತಿರುವಲಿಲ್ಲ.

ಚನ್ನವೀರನ ದನಿ ಏರಿತು. "ಹಂಗಾದ್ರ ನಾ ತಾರೀಖು ಹೇಳಿದಾಗ ಯಾಕ ಬಾಯಿ ಮುಚ್ಕೊಂಡಿದ್ದಿ?"

"ನಿನ್ನ ಲೆಕ್ಕ ಯಾವಾಗ ತಪ್ಪೈತೋ? ಹಬ್ಬದ ದಿನ ಬಿಟ್ಟ ತಾರೀಖು ಹಿಡದಿರ್ತಿ ಅಂತ ತಿಳಕೊಂಡಿದ್ನಿ."

ಬೈದಿದ್ದರೆ ಸಹಿಸಬಹುದಿತ್ತು. ಚನ್ನವೀರ ದಡಕ್ಕನೆ ಎದ್ದ. "ಆತು ಬಿಡು. ನಿನ್ನ ಹಟ ನಿನಗಿರಲಿ. ಈ ಸಲ ನನ್ನ ಬಾಗಲಿಗೆ ಜೋಳಿಗಿ ಹಿಡಕೊಂಡು ಬರಬ್ಯಾಡ" ಎಂದುಬಿಟ್ಟ. ಆಡಿದ ಮಾತು ತಿರುಗಿ ಬಾಯಿಗೆ ಬರುತ್ತದೆಯೇ? ಹೊರಗೆ ಬಂದು ಗಾಡಿ ಚಾಲೂ ಮಾಡುವಾಗ ಕಿಟಕಿಯೊಳಗಿಂದ ಮುಟ್ಟದೆ ಬಿಟ್ಟ ತಟ್ಟೆ ಕಾಣಿಸುತ್ತಿತ್ತು.

ಲಿಂಗಸುಗೂರಿನಲ್ಲಿ ಸಂಗನಬಸವ ಗಾದಿಯ ಮೇಲೆ ಕೂತು ಗಿರಾಕಿ ಕೆದರಿ ಹೋದ ಸೀರೆಗಳನ್ನು ಮಡಚುತ್ತಿದ್ದ. ಕಥೆಯೆಲ್ಲ ಕೇಳಿ ನಕ್ಕ. "ಅವನಿಗ್ಯಾಕ ಕೇಳಾಕ ಹೋದಿ ನೀ? ಅವನ ಆಧಾರ್ ನಿನ್ನ ಫೋನಿನ್ಯಾಗ ಐತಿ. ಕಾಗದ ನಾ ತರಸ್ತೀನಿ, ನೀ ಕಳಸು. ರೊಕ್ಕ ಬಂದಮ್ಯಾಲೆ ಕಂಪನೇರು ಮಾಫ್ ಮಾಡಿ ಕೊಟ್ರು ಅಂತ ಹೇಳಿದ್ರಾತು. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟೋ ಮನಷ್ಯಾ ಅಂವ, ನಂಬತಾನ."

"ಕಂಪನೇರು ಫೋನ್ ಮಾಡಿ ಕೇಳಿದ್ರ?"

"ಐಸಿಯುದಾಗ ಅದಾನ, ಮಾತಾಡಾಕ ಬರಂಗಿಲ್ಲ ಅನ್ನು. ಅಷ್ಟ ಅನ್ನು, ಹೆಚ್ಚಿಗಿ ಮಾತಾಡಬ್ಯಾಡ. ನೀ ಮಾತಾಡಿದ್ರ ಕೆಡಸ್ತಿ."

ಸಂಜೆಯೊಳಗೆ ಕಾಗದ ಬಂತು. ದುಂಡನೆಯ ನೀಲಿ ಠಸ್ಸೆ, ಕೆಳಗೆ ಯಾರಿಗೂ ಓದಲಿಕ್ಕೆ ಬಾರದ ಸಹಿ. ಚನ್ನವೀರ ಅದರ ಫೋಟೋ ಹಿಡಿದು ಕಳಿಸಿದ. ಕಳಿಸುವಾಗ ಹೆಬ್ಬೆರಳು ಒಂದಿಷ್ಟು ತಡೆಯಿತು. ಗೆಳೆಯನ ಒಳ್ಳೆಯದಕ್ಕೇ ತಾನೇ ಎಂದುಕೊಂಡು ಒತ್ತಿಬಿಟ್ಟ. ಒತ್ತಿದ ಮೇಲೆ ಮಾತ್ರ ಅವನಿಗೆ ಸುಖ ಇಲ್ಲವಾಯಿತು. ಅಂಗಡಿಯಲ್ಲಿ ಆಳುಗಳ ಮೇಲೆ ಹರಿಹಾಯ್ದ, ಮನೆಯಲ್ಲಿ ಸಾರಿಗೆ ಉಪ್ಪಿಲ್ಲವೆಂದ. ಮಸ್ಕಿಯಿಂದ ಬಂದ ಯಾರನ್ನಾದರೂ ಕಂಡರೆ ಅವರ ಮುಖವನ್ನೇ ನೋಡುತ್ತಿದ್ದ, ಏನಾದರೂ ಕೆಟ್ಟ ಸುದ್ದಿ ಇದೆಯೇನೋ ಎಂಬಂತೆ. ಇಂಥದನ್ನೆಲ್ಲ ತಾನು ನಂಬುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡರೂ ಎದೆ ಕೇಳುತ್ತಿರಲಿಲ್ಲ.

ಹಡಗು ಬಿಡುವ ದಿನ ಬಂತು. "ನಿಮ್ಮ ಪ್ರಯಾಣ ಸುಖಕರವಾಗಿರಲಿ" ಎಂದು ಬೆಳಿಗ್ಗೆಯೇ ಫೋನಿಗೆ ಸಂದೇಶ ಬಂದು ಚನ್ನವೀರನ ಹೊಟ್ಟೆ ಉರಿಸಿತು. ಮಳೆಯ ಸುಳಿವಿಲ್ಲ, ಕಾಲುವೆ ಇನ್ನೂ ಒಣಗಿತ್ತು, ಬಿಸಿಲು ಬೇಸಗೆಯಂತೆಯೇ ಸುಡುತ್ತಿತ್ತು. ಹೆಂಡತಿ ಗುರುಲಿಂಗಮ್ಮ ಮೊರದಲ್ಲಿ ಜೋಳ ಹಸನು ಮಾಡಿ, ಮೇಲೆ ಸಕ್ಕರೆಯ ಪೊಟ್ಟಣ ಇಟ್ಟು, ಪಡಸಾಲೆಯಲ್ಲಿ ಕಾಯುತ್ತಿದ್ದಳು.

"ಯಾರಿಗದು?"

"ಯಾರಿಗೇನ್ರೀ, ಜಂಬಣ್ಣಗ."

"ಅಂವ ಈ ಸಲ ಬರಂಗಿಲ್ಲ. ಜಗಳಾಗೈತಿ."

"ನಿಮಗೂ ಜಂಬಣ್ಣಗೂ ಆಗಿರಬೇಕು. ಫಕೀರಗ ಯಾರ ಕೂಡಾನೂ ಜಗಳ ಇರಂಗಿಲ್ಲ" ಎಂದಳು ಆಕೆ, ಜೋಳದಲ್ಲಿ ಉಳಿದಿದ್ದ ಒಂದು ಹರಳು ಆರಿಸಿ ಒಗೆಯುತ್ತ.

ಆಕೆಯ ಮಾತೇ ನಿಜವಾಯಿತು. ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ "ದೋಸ್ತರಹೋ ಧೀನ್" ಎಂಬ ಫಕೀರರ ಕೂಗು ಕೇಳಿತು. ಜಂಬಣ್ಣ ನಿಂತಿದ್ದ. ಕೊರಳಲ್ಲಿ ಕೆಂಪು, ಹಳದಿ ದಾರದ ಲಾಡಿ, ಹಣೆಗೆ ಊದಿಯ ಬೂದಿ, ಹೆಗಲಿಗೆ ಜೋಳಿಗೆ, ಧೂಳು ಮೆತ್ತಿದ ಬರಿಗಾಲು. ಮಸ್ಕಿಯಿಂದ ಬಸ್ಸಿನಲ್ಲಿ ಬಂದರೂ ನಿಂತುಕೊಂಡೇ ಬರುತ್ತಾನೆ. ಲಾಡಿ ಇರುವಷ್ಟು ದಿನ ಅವನಿಗೆ ಸೀಟೂ ಇಲ್ಲ, ಮಂಚವೂ ಇಲ್ಲ. ಒಳಗೆ ಕರೆಯುವಂತಿಲ್ಲ, ಬಾಗಿಲಲ್ಲೇ ನೀಡಿ ಕಳಿಸಬೇಕು. ಮನೆಯ ಯಜಮಾನನ ಕೈಯಿಂದಲೇ ನೀಡಬೇಕು.

ಗುರುಲಿಂಗಮ್ಮ ಮೊರವನ್ನು ಗಂಡನ ಕೈಗೆ ಕೊಡಲು ಬಂದಳು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ರೂಢಿಯ ಬೆರಳು ಸ್ಪೀಕರಿನ ಮೇಲೆ ಬಿತ್ತು.

"ನಮಸ್ಕಾರ ಸರ್, ನಿಮ್ಮ ಕ್ಲೇಮ್ ವಿಚಾರಕ್ಕೆ ಕಾಲ್ ಮಾಡ್ತಿದ್ದೀನಿ. ನಿಮ್ಮ ಜೊತೆಗಾರರು ಜಂಬಣ್ಣ ಅವರು ಎದೆನೋವು ಅಂತ ಅಡ್ಮಿಟ್ ಆಗಿದ್ರಲ್ಲ ಸರ್, ಈಗ ಹೇಗಿದ್ದಾರೆ?"

ಗುರುಲಿಂಗಮ್ಮನ ಕೈಯ ಮೊರ ಅಲ್ಲೇ ನಿಂತಿತು. "ಯವ್ವಾ! ಯಾರಿಗ್ರೀ ಎದಿನೋವು?"

ಚನ್ನವೀರ ಸ್ಪೀಕರ್ ಆರಿಸಲು ತಡಕಾಡಿದ. ಬೆವೆತ ಬೆರಳಿಗೆ ಅದು ಸಿಗಲಿಲ್ಲ. ಜಂಬಣ್ಣ ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖದ ಬಣ್ಣ ಇಳಿದದ್ದು ಊದಿಯ ಕೆಳಗೂ ಕಾಣಿಸಿತು. ಆದರೂ ಎರಡೂ ಕೈಯಲ್ಲಿ ಜೋಳಿಗೆಯ ಬಾಯಿ ಅಗಲಿಸಿ ಹಿಡಿದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸರ್? ಲೈನಲ್ಲಿದ್ದೀರಾ? ಪೇಷಂಟ್ ಜೊತೆ ಒಂದು ನಿಮಿಷ ಮಾತಾಡಬಹುದಾ? ಇದೊಂದು ಆದ್ರೆ ಮೂರೂ ಜನರ ಕ್ಲೇಮ್ ಇವತ್ತೇ ಪಾಸ್ ಆಗುತ್ತೆ."

ಸಂಗನಬಸವ ಬಾಯಿಪಾಠ ಮಾಡಿಸಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ಅಂದರೆ ಸಾಕು. ಚಳಿಗಾಲ, ಹಡಗು, ಕಿಟಕಿಯ ಹೊರಗೆ ನೀರು, ಜಂಬಣ್ಣನ ತೆರೆದ ಬಾಯಿ. "ಐಸಿ…" ಎಂದ ಚನ್ನವೀರ. ಎದುರಿಗೆ ನಿಂತವನ ಎದೆ ಅಂಗಿಯ ಒಳಗೆ ಏರುತ್ತ ಇಳಿಯುತ್ತ ಇತ್ತು. ಮೂವತ್ತು ವರ್ಷದಿಂದ ನೋಡುತ್ತಿದ್ದರೂ ಅದನ್ನು ಹೀಗೆ ಚನ್ನವೀರ ನೋಡಿರಲಿಲ್ಲ. ಅವನಿಗೆ ಹೆದರಿಕೆಯಾಯಿತು.

"ಇಲ್ಲೇ ಅದಾನ್ರೀ" ಎಂದ. "ನಮ್ಮ ಬಾಗಲದಾಗ ನಿಂತಾನ."

"ಓ, ಡಿಸ್ಚಾರ್ಜ್ ಆದ್ರಾ ಸರ್?"

"ಆಸ್ಪತ್ರಿಗೆ ಹೋಗೇ ಇಲ್ಲ. ಅವನಿಗೇನೂ ಆಗಿಲ್ಲ, ಆರಾಮದಾನ. ಆ ಕಾಗದ ಅವಗ ಗೊತ್ತಿಲ್ಲ, ನಾ ಕಳಸಿದ್ದು. ಸುಳ್ಳದು. ತಗದ ಒಗೀರಿ."

"ಸರ್, ಹಾಗಂದ್ರೆ ಮೂರೂ ಕ್ಲೇಮ್ ರಿಜೆಕ್ಟ್ ಆಗುತ್ತೆ. ಯೋಚನೆ ಮಾಡಿ ಹೇಳ್ತೀರಾ?"

"ಬಿಡ್ತು" ಎಂದ ಚನ್ನವೀರ.

"ಸರ್?"

"ಬಿಡ್ತು, ಬಿಡ್ತು."

"ಅರ್ಥ ಆಗಲಿಲ್ಲ ಸರ್. ಕ್ಯಾನ್ಸಲ್ ಮಾಡಿ ಅಂತನಾ?"

ಅವನು ಫೋನನ್ನು ಹಾಗೆಯೇ ಕಟ್ಟೆಯ ಮೇಲಿಟ್ಟು ಹೆಂಡತಿಯ ಕೈಯಿಂದ ಮೊರ ತೆಗೆದುಕೊಂಡ. ಜೋಳಿಗೆಗೆ ಸುರಿಯುವಾಗ ನಾಲ್ಕು ಕಾಳು ಹೊಸ್ತಿಲ ಮೇಲೆ ಉದುರಿದವು. ಜಂಬಣ್ಣ ಬಗ್ಗಿ ಅವನ್ನೂ ಆರಿಸಿ ಜೋಳಿಗೆಗೆ ಹಾಕಿಕೊಂಡ. ಆಮೇಲೆ ಸೊಂಟದ ಚೀಲದಿಂದ ಚಿಟಿಕೆ ಊದಿ ತೆಗೆದು ಮೊದಲು ಗುರುಲಿಂಗಮ್ಮನ ಅಂಗೈಗೆ ಹಾಕಿದ. ಚನ್ನವೀರನ ಹಣೆಗೆ ತಾನೇ ಹಚ್ಚಿದ. ಹಚ್ಚುವಾಗ ಹೆಬ್ಬೆರಳು ಬೇಕಿದ್ದಕ್ಕಿಂತ ಗಟ್ಟಿಯಾಗಿಯೇ ಒತ್ತಿತು.

"ಸಂಗನಬಸವ ನನ್ನ ಕಡದು ಹಾಕತಾನ" ಎಂದ ಚನ್ನವೀರ.

ಜಂಬಣ್ಣ ನಗಲಿಲ್ಲ. "ಇನ್ನೊಂದು ಮನಿ ಉಳದೈತಿ" ಎಂದಷ್ಟೇ ಹೇಳಿ, ಬೆನ್ನು ತಿರುಗಿಸಿ ಬೀದಿಗೆ ಇಳಿದ.

ಹೊಸದಾಗಿ ಹಾಕಿದ ಡಾಂಬರು ಕಾದು ಮೆತ್ತಗಾಗಿತ್ತು. ಸಾಲುಮನೆಗಳ ಗೋಡೆಗುಂಟ ಒಂದು ಗೇಣಿನಷ್ಟು ನೆರಳು. ಜಂಬಣ್ಣ ಆ ನೆರಳು ಹಿಡಿದು ನಡೆಯುತ್ತಿದ್ದ. ಚನ್ನವೀರ ಹೊಸ್ತಿಲಲ್ಲಿ ನಿಂತು ಒಂದಿಷ್ಟು ನೋಡಿದ. ಬಾಗಿಲ ಬಳಿಯ ಚಪ್ಪಲಿ ಮೆಟ್ಟದೆಯೇ ಅವನ ಹಿಂದೆ ಹೊರಟ.

"ಎಲ್ಲಿಗ್ರೀ, ಈ ಬಿಸಲಾಗ?" ಎಂದಳು ಗುರುಲಿಂಗಮ್ಮ.

ನಾಲ್ಕು ಹೆಜ್ಜೆಗೇ ಅಂಗಾಲು ಚುರುಗುಟ್ಟಿ ಚನ್ನವೀರ ಕುಂಟತೊಡಗಿದ, ಬಾಯಲ್ಲಿ ಡಾಂಬರು ಹಾಕಿದವರನ್ನು ಬೈಯುತ್ತ. ಜಂಬಣ್ಣ ತಿರುಗಿ ನೋಡಲಿಲ್ಲ. ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿ, ಗೋಡೆಯ ನೆರಳನ್ನು ಅವನಿಗೆ ಬಿಟ್ಟು ತಾನು ಬಿಸಿಲಿಗೆ ಸರಿದ.